ಚಮೇಲಿ ಎಂದು ಕರೆದರೆ

ಪರೇಲ್, ಮುಂಬಯಿ
೯ ನವೆಂಬರ್ ೧೯೭೧

ನನ್ನ ನಜಮುನ್ನೀಸಾ,

ಮುಂದೆ ಓದುವ ಮೊದಲು ಮೇಲಿನ ಹೆಸರನ್ನು ಒಮ್ಮೆ ಬಾಯಿ ಬಿಟ್ಟು ಓದು. ಪಕ್ಕದಲ್ಲಿ ಯಾರಿದ್ದರೂ ಸರಿ, ಓದು. ಆಮೇಲೆ ನನ್ನ ಸಲಾಮು, ನಿನ್ನ ಅಬ್ಬಾನ ದುವಾ.

ಮದುವೆಯಾಗಿ ಕಾಂದಿವಲಿಗೆ ಹೋದ ಮೇಲೆ ನೀನು ಬರೆದ ಮೊದಲ ಕಾಗದ ಕೈ ಸೇರಿತು. ನಲ್ಲಿಯಲ್ಲಿ ಎರಡು ಹೊತ್ತೂ ನೀರು ಬರುತ್ತದೆ, ಅಳಿಯ ಗೌಸ ಫ್ಯಾಕ್ಟರಿಯಿಂದ ಬರುವಾಗ ಬಿಸಿ ಭಜಿ ತರುತ್ತಾನೆ ಎಂದು ಓದಿ ಖುಷಿಪಟ್ಟೆ. ನಿನ್ನ ಅತ್ತೆ ಬೀಬೀಜಾನರಿಗೆ ನಿನ್ನ ಹೆಸರು ಉದ್ದವೆನಿಸಿ ಚಮೇಲಿ ಎಂದು ಹೊಸದು ಇಟ್ಟಿದ್ದಾರೆ; ಕೆಲಸವಿದ್ದಾಗ ಕೂಗುವ ಬದಲು ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆ; ಎಷ್ಟು ನಾಜೂಕಿನ ಮನೆ ಎಂದು ಬರೆದಿದ್ದೀಯ. ನೆಂಟರೆದುರು ನಿನ್ನನ್ನು ತೋರಿಸಿ "ಯೇ ಹಮಾರೀ ಬಾಂದಿ ಹೈ" ಎಂದು ನಕ್ಕರಂತೆ. ಬಾಂದಿ ಎಂಬ ಆ ಮಾತು ಎಲ್ಲಿಂದ ಬಂತು, ಅದರ ಅರ್ಥವೇನು, ಲಾಡ್ಲಿ, ಮುದ್ದಿನವಳು ಎನ್ನುವಂಥದ್ದೇ ಎಂದು ಕೇಳಿದ್ದೀಯ. ಕೊನೆಗೆ "ನಿಮ್ಮ ಚಮೇಲಿ" ಎಂದು ಸಹಿ ಮಾಡಿದ್ದೀಯ.

ಅಲ್ಲಿಗೆ ನನ್ನ ಖುಷಿ ಮುಗಿಯಿತು. ನಮ್ಮ ಮನೆಯಲ್ಲಿ ಒಬ್ಬಳೇ ಚಮೇಲಿ ಇದ್ದಳು. ಅವಳನ್ನು ಮಣ್ಣಿಗೆ ಕೊಟ್ಟು ಹದಿನಾಲ್ಕು ವರ್ಷವಾಯಿತು.

ಬಾಗಿಲ ಬಳಿ ಗೋಣಿ ಹಾಸಿಕೊಂಡು ಮಲಗುತ್ತಿದ್ದ ಬಡೀ ನಾನಿ ನಿನಗೆ ಸ್ವಲ್ಪ ನೆನಪಿರಬೇಕು. ನನ್ನ ಅಮ್ಮನ ಅಮ್ಮ. ಇಷ್ಟನ್ನು ಮಾತ್ರ ನಿನಗೆ ಹೇಳಿದ್ದೆವು. ಉಳಿದದ್ದು ಇದು: ಬರದ ವರ್ಷ, ಆಗಷ್ಟೇ ಮಾತು ಕಲಿತ ಕೂಸನ್ನು ಯಾರೋ ವಿಜಾಪುರದ ಕಡೆಯ ಒಂದು ವಾಡೆಯ ಬಾಗಿಲಲ್ಲಿ ಬಿಟ್ಟು, ಒಂದು ಬುಟ್ಟಿ ಜೋಳ ಹೊತ್ತುಕೊಂಡು ಹೋದರು. ಒಳಗಿನ ದೊಡ್ಡ ಬೇಗಮರಿಗೆ ಕೂಸಿನ ಹೆಸರು ಕರೆಯಲು ತ್ರಾಸವೆನಿಸಿತು. ಆ ಮನೆಯಲ್ಲಿ ಇಂಥ ಹೆಣ್ಣುಮಕ್ಕಳಿಗೆ ಹೂವಿನ ಹೆಸರಿಡುವುದು ರೂಢಿ. ಗುಲಾಬ್, ಚಂಪಾ, ನರ್ಗಿಸ್. ಒಬ್ಬಳು ಸತ್ತರೆ ಅದೇ ಹೆಸರು ಮುಂದೆ ಬಂದವಳಿಗೆ. ನಾನಿಗೆ ಸಿಕ್ಕಿದ್ದು ಚಮೇಲಿ. ಅವಳಿಗಿಂತ ಮೊದಲು ಎಷ್ಟು ಜನ ಚಮೇಲಿಯರು ಆ ಹೆಸರಲ್ಲಿ ಸವೆದು ಹೋದರೋ ಗೊತ್ತಿಲ್ಲ. ಇಟ್ಟ ಮೇಲೂ ಹೆಸರು ಹಿಡಿದು ಕರೆದದ್ದು ಕಡಿಮೆಯೇ, ಚಪ್ಪಾಳೆ ಸಾಕಾಗುತ್ತಿತ್ತು.

ನನ್ನ ಅಮ್ಮ ಮಿಲ್ ಕೆಲಸದವನನ್ನು ಮದುವೆಯಾಗಿ ನಾನಿಯನ್ನು ಈ ಚಾಳಿಗೆ ಕರೆತಂದಳು. ಇಲ್ಲಿ ಅವಳಿಗೆ ಯಾವ ಬೇಗಮರೂ ಇರಲಿಲ್ಲ. ಆದರೂ ಗಣಪತಿ ಹಬ್ಬದಲ್ಲಿ ಇಡೀ ಚಾಳು ಆರತಿಗೆ ಚಪ್ಪಾಳೆ ತಟ್ಟುವಾಗ ಅವಳು ಗಡಬಡಿಸಿ ಏಳುತ್ತಿದ್ದಳು. ಒಂದೊಂದು ಬಾಗಿಲಿಗೂ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಮುದುಕಿಗೆ ಎಂಥ ಭಕ್ತಿ ಎಂದು ಜನ ಅನ್ನುತ್ತಿದ್ದರು. ಅವಳು ನನ್ನ ಸೆರಗು ಹಿಡಿದು, "ಯಾರ್ ಕರದ್ರವ್ವಾ? ಇಷ್ಟ ಮಂದಿ ಕರದ್ರ ನಾ ಯಾರ ಕಡಿ ಹೋಗ್ಲಿ?" ಎಂದು ಕೇಳುತ್ತಿದ್ದಳು.

ಚಿಕ್ಕವಳಿದ್ದಾಗ ನಾನು ಅವಳ ಮೊದಲಿನ ಹೆಸರು ಹುಡುಕುವ ಆಟ ಆಡುತ್ತಿದ್ದೆ. ಹಿಂದಿನಿಂದ ಹೋಗಿ ಗೊತ್ತಿದ್ದ ಹೆಸರನ್ನೆಲ್ಲ ಕೂಗುವುದು. ಹುಸೇನಬೀ, ಫಾತಿಮಾ, ಭಾಗವ್ವ, ಬಸಲಿಂಗವ್ವ. ಯಾವ ಜಾತಿಯ ಕೂಸೋ, ಅದೂ ತಿಳಿಯದು. ಅವಳು ಒಂದಕ್ಕೂ ತಿರುಗಲಿಲ್ಲ. ನೀನು ಹುಟ್ಟಿದಾಗ ಬೇಕೆಂದೇ ನಾಲಿಗೆಗೆ ತ್ರಾಸ ಕೊಡುವ ಹೆಸರಿಟ್ಟೆ. ಇಷ್ಟುದ್ದ ಯಾಕೆ ಎಂದು ನಿನ್ನ ಅಬ್ಬಾ ನಕ್ಕರು. ಕರೆಯುವವರು ಸ್ವಲ್ಪ ಕಷ್ಟಪಡಲಿ ಎಂದೆ.

ಈಗ ನೀನು ಕೇಳಿದ ಮಾತು. ನಾನಿ ತೀರಿಕೊಂಡ ಮೇಲೆ ಮಸೀದಿಯ ಮೌಲವಿಗಳನ್ನು ಕೇಳಿದ್ದೆ. ಅದು ಫಾರಸಿಯ ಮಾತು, ಕಟ್ಟಿಹಾಕಿದವರು ಎಂದು ಮೂಲ ಅರ್ಥ. ಗಂಡಾದರೆ ಬಂದಾ, ಹೆಣ್ಣಾದರೆ ಬಾಂದಿ. ನಾವೆಲ್ಲರೂ ಅಲ್ಲಾಹನ ಬಂದಾಗಳೇ, ಬೇಸರ ಬೇಡ ಎಂದರು. ಒಳ್ಳೆಯ ಮನುಷ್ಯ. ಆದರೆ ಅಲ್ಲಾಹ್ ಯಾರನ್ನೂ ಜೋಳ ಕೊಟ್ಟು ತಂದಿಲ್ಲವಲ್ಲ. ಪಕ್ಕದ ಖೋಲಿಯ ಸೋಮವ್ವನಿಗೆ ಹೇಳಿದರೆ ಅವಳು, "ನಮ್ಮ ಕಡಿ ತೊತ್ತು ಅಂತಾರ. ಬೈಯೂ ಮುಂದ ಅಂದು ಬಿಡ್ತೀವಿ. ಅದೂ ಒಬ್ಬಾಕಿ ಬಾಳೇವು ಅಂತ ಯಾರ್ ನೆನಸ್ತಾರ?" ಎಂದಳು. ಅಂದಿನಿಂದ ಅವಳ ಬಾಯಲ್ಲಿ ಆ ಬೈಗುಳ ನಾನು ಕೇಳಿಲ್ಲ.

ಬೀಬೀಜಾನರೂ ಅಂಥದೇ ಯಾವುದೋ ವಾಡೆಯವರು. ಅದೇ ವಾಡೆಯಲ್ಲ, ವಿಚಾರಿಸಿದ್ದೇನೆ. ಎಲ್ಲ ಹೋಗಿ ಎರಡು ಖೋಲಿ ಉಳಿದಿವೆ, ಹಗ್ಗ ಸುಟ್ಟರೂ ಹುರಿ ಹೋಗಿಲ್ಲ. ನಾನಿಯ ವಿಷಯ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅದೇ ಹೂವನ್ನು ಹುಡುಕಿ ನಿನಗೆ ಮುಡಿಸಿದರಲ್ಲ, ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಗೌಸ ನಿನ್ನನ್ನು ಏನೆಂದು ಕರೆಯುತ್ತಾನೆ? ನೀನು ಬರೆದಿಲ್ಲ.

ಶುಕ್ರವಾರ ನಾನು ಬರುತ್ತೇನೆ. ಬಿಲ್ಡಿಂಗಿನ ಕೆಳಗೆ ನಿಂತು ನಿನ್ನ ಪೂರ್ತಿ ಹೆಸರು ಹಿಡಿದು ಕೂಗುತ್ತೇನೆ. ನೀನು ಕಿಟಕಿಗೆ ಬಂದು ಓಗೊಟ್ಟರೆ, ಮೇಲೆ ಬಂದು ಚಹಾ ಕುಡಿದು, ನನ್ನ ಮಗಳಿಗೆ ಹೆಸರಿದೆ ಎಂದು ಬೀಬೀಜಾನರಿಗೆ ಮರ್ಯಾದೆಯಿಂದ ಹೇಳುತ್ತೇನೆ. ಓಗೊಡದಿದ್ದರೆ ಚಹಾ ಇಲ್ಲ. ನಿನ್ನ ಟ್ರಂಕು ಹೊತ್ತು ಇಬ್ಬರೂ ಪರೇಲಿಗೆ ವಾಪಸ್. ನೀನು ಮುನ್ಸಿಪಾಲಿಟಿಯ ಕನ್ನಡ ಶಾಲೆ ಕಲಿತದ್ದು ಒಳ್ಳೆಯದಾಯಿತು, ಇದನ್ನು ಆ ಮನೆಯಲ್ಲಿ ಬೇರೆ ಯಾರೂ ಓದಲಾರರು.

ನಿನ್ನನ್ನು ಹೆತ್ತು ಹೆಸರಿಟ್ಟ,
ಜುಬೇದಾ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ. ಹೊರಗೆ ಸೋಮವ್ವ ಹಪ್ಪಳಕ್ಕೆ ಬಂದ ಕಾಗೆ ಓಡಿಸಲು ಚಪ್ಪಾಳೆ ತಟ್ಟಿದಳು. ನೋಡಿದರೆ ನಾನು ಅವಳ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೇನೆ. ಎದ್ದದ್ದು ಯಾವಾಗ, ಹೊಸ್ತಿಲು ದಾಟಿದ್ದು ಯಾವಾಗ, ತಿಳಿಯಲಿಲ್ಲ. "ಏನ್ ಬೇಕಾಗಿತ್ತ ಜುಬೇದಾ?" ಎಂದು ಅವಳು ಕೇಳಿದಾಗ ಅದು ನನ್ನ ಹೆಸರು ಎಂದು ಹೊಳೆಯಲು ಹೊತ್ತು ಹಿಡಿಯಿತು. ನನ್ನನ್ನು ಹುಟ್ಟಿದಾಗಿನಿಂದ ಯಾರೂ ಚಪ್ಪಾಳೆ ತಟ್ಟಿ ಕರೆದಿಲ್ಲ ಮಗಳೇ. ನಿನ್ನನ್ನು ದಿನವೂ ಕರೆಯುತ್ತಿದ್ದಾರೆ. ಶುಕ್ರವಾರದವರೆಗೆ ಕಾಯಲಾರೆ. ಇದನ್ನು ಟಪಾಲಿಗೆ ಹಾಕುವುದಿಲ್ಲ, ದಾದರಿನಲ್ಲಿ ಲೋಕಲ್ ಬದಲಿಸಿ ಈಗಲೇ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಇದನ್ನು ಓದುತ್ತಿದ್ದೀಯೆಂದರೆ, ನಾನು ಕೂಗಿದಾಗ ತಿರುಗಿ ನೋಡಿದ್ದೀಯ.