ತಂಗಿಯ ಮೂಗು

ಅಪ್ಪಾ,

ಇವತ್ತು ತಂಗಿಯೂ ಕೆಲಸ ಕೇಳಿಕೊಂಡು ಗುಜರಿ ಶೆಡ್ಡಿಗೆ ಬಂದಿದ್ದಳು. ಹಳೆಯ ಕಂಪ್ಯೂಟರುಗಳ ರಾಶಿಯ ಮುಂದೆ, ನೀನು ಕೂರುತ್ತಿದ್ದ ಜಾಗದಲ್ಲೇ ಕೂರಿಸಿದರು.

"ನಿಮ್ಮಪ್ಪನ ಮೂಗು ಬಂದಿದ್ಯೋ, ಬರೀ ಸಿಟ್ಟು ಬಂದಿದ್ಯೋ ನೋಡೋಣ" ಎಂದರು ಮೇಸ್ತ್ರಿ.

ಅವಳು ಪ್ಲಾಸ್ಟಿಕ್ ಚೂರುಗಳನ್ನು ಒಂದೊಂದಾಗಿ ಸುಟ್ಟು, ಹೊಗೆ ಮೂಸಿ, ವಾಸನೆಯಿಂದಲೇ ಪ್ಲಾಸ್ಟಿಕ್ಕಿನ ಜಾತಿ ಗುರುತಿಸಿ, ಯಾವುದು ಯಾವ ಬುಟ್ಟಿಗೆಂದು ಹೇಳಿದಳು. ಒಂದೂ ತಪ್ಪಲಿಲ್ಲ. ಮೇಸ್ತ್ರಿ ನನ್ನತ್ತ ತಿರುಗಿದರು. ನೀನು ಹೋದ ಮೇಲೆ ಅವರು ನಂಬುವುದು ನನ್ನ ಮೂಗನ್ನೇ.

"ಎಲ್ಲಾ ತಪ್ಪು. ಇವಳಿಗೆ ಈ ಕೆಲ್ಸ ಬರಲ್ಲ" ಎಂದೆ. ಅಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವಳನ್ನು ವಾಪಸ್ ಕಳಿಸಿದರು.

ಸಂಜೆ ಮನೆಗೆ ಬಂದರೆ ಅಳುತ್ತಿದ್ದಳು. "ಸರಿಯಾಗೇ ಹೇಳ್ದೆ ಕಣೇ ಅಕ್ಕಾ. ನೀನೊಬ್ಳೇ ಮೆರೀಬೇಕಾ?"

ನಾನು ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಬಾಯಿ ತೆರೆದರೆ ಕೆಮ್ಮು ಬರುತ್ತದೆ. ಅದು ನಿನ್ನ ಕೆಮ್ಮಿನ ಹಾಗೆಯೇ ಇದೆಯೆಂದು ಅವಳಿಗಿನ್ನೂ ಗೊತ್ತಿಲ್ಲ.

ಕೊನೆಯ ವರ್ಷ, ಮಲಗಿದರೆ ಉಸಿರು ಕಟ್ಟುತ್ತದೆಂದು ನೀನು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಬೆಳಗಾದರೆ ನಾನು ಬುತ್ತಿ ಕಟ್ಟಿ ಕೈಗೆ ಕೊಡುತ್ತಿದ್ದೆ. ನೀನು ಹೊರಡುತ್ತಿದ್ದೆ.

ತಂಗಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬಿಡಲಿ. ನಾಳೆ ನಾನೊಬ್ಬಳೇ ಹೋಗುತ್ತೇನೆ.