ಅಣ್ಣನ ಹೆಸರು

ಅಪ್ಪಾ,

ನಾನು ವಂಶವೃಕ್ಷ ಬರೆಯಲು ಕೂತಾಗಲೆಲ್ಲ "ಸತ್ತವರ ಗೊಡವೆ ನಿನಗ್ಯಾಕೆ?" ಎಂದು ರೇಗುತ್ತಿದ್ದಿರಿ. ಐದು ವರ್ಷಕ್ಕೇ ತೀರಿಕೊಂಡ ದೊಡ್ಡಪ್ಪನ ಹೆಸರು ಕೇಳಿದರೆ, "ಮರೆತೋಯ್ತು" ಎಂದು ಎದ್ದು ಹೋಗುತ್ತಿದ್ದಿರಿ.

ನಿನ್ನೆ ಮರಣ ನೋಂದಣಿ ಪುಸ್ತಕದಲ್ಲಿ ಅದು ಸಿಕ್ಕಿತು. ಅದು ನಿಮ್ಮ ಹೆಸರು.

ವಯಸ್ಸು ಸಾಲದ ನಿಮ್ಮನ್ನು ಶಾಲೆಗೆ ಸೇರಿಸಲು ಅಜ್ಜ ನಿಮ್ಮ ಅಣ್ಣನ ಜನನ ಪತ್ರವನ್ನೇ ಕೊಟ್ಟರಂತೆ. ಸೋದರತ್ತೆ ಕೊನೆಗೂ ಬಾಯಿಬಿಟ್ಟರು. ನಿಮ್ಮ ನಿಜವಾದ ಹೆಸರನ್ನು ಮಾತ್ರ ಹೇಳದೆ, "ಅವನನ್ನೇ ಕೇಳು" ಎಂದುಬಿಟ್ಟರು. ಅಜ್ಜಿ ನಿಮ್ಮನ್ನು ಕೊನೆಯವರೆಗೂ ಬರೀ "ಮಗಾ" ಎಂದೇ ಏಕೆ ಕರೆದರೆಂದು ಈಗ ಅರ್ಥವಾಯಿತು.

ಭಾನುವಾರ ನೆಂಟರೆಲ್ಲ ವಂಶವೃಕ್ಷ ನೋಡಲು ಬರುತ್ತಾರೆ. ದೊಡ್ಡಪ್ಪನ ಹೆಸರನ್ನು ಅವರ ಚೌಕದಲ್ಲೇ ಶಾಯಿಯಲ್ಲಿ ಬರೆದಿದ್ದೇನೆ. ಪಕ್ಕದ ಚೌಕ ಖಾಲಿಯಿದೆ. ಅಷ್ಟರೊಳಗೆ ಒಂದು ಫೋನ್ ಮಾಡಿ, ನಿಮ್ಮ ಹೆಸರೇನೆಂದು ಹೇಳಿ.

ನಿಮ್ಮ ಹಟಮಾರಿ ಮಗಳು