ದಂಡಿಗನಹಳ್ಳಿಯ ಐದು ಮನೆ

ಚನ್ನರಾಯಪಟ್ಟಣ
18-2-1959, ಬುಧವಾರ

ಅರಕಲಗೂಡಿನಲ್ಲಿರುವ ಮಗಳು ಮಲ್ಲಿಗಮ್ಮನಿಗೆ ಅಪ್ಪನ ಮನಸಾರೆ ಆಶೀರ್ವಾದ.

ನಿನ್ನ ಎರಡು ಕಾಗದವೂ ತಲುಪಿದವು. ತಡಮಾಡಿದ್ದಕ್ಕೆ ಬಯ್ಯಬೇಡ, ಆ ಕೆಲಸವನ್ನು ನಿಮ್ಮವ್ವ ದಿನಾ ಮಾಡುತ್ತಿದ್ದಾಳೆ. 'ಮಗೀಗೆ ಒಂದ್ ಕಾಗ್ದ ಬರಿಯಕ್ಕೆ ಪುರುಸೊತ್ತಿಲ್ಲ, ನಾಟ್ಕ ಬರಿಯಕ್ಕಾದ್ರೆ ಮಸಿ ಐತೆ' ಎನ್ನುತ್ತಾಳೆ. ಮಗುವಿಗೆ ಮೂರು ತಿಂಗಳು ತುಂಬಿತು, ತಾತನೇ ಬಂದು ಸಿಡುಬಿನ ದಾಕು ಹಾಕಲಿ ಎಂದು ಕಾದಿದ್ದೇನೆ ಅಂತ ಬರೆದಿದ್ದೀಯ. ಅದನ್ನು ಓದಿ ನನಗೆ ಸಂತೋಷವಾಗಲಿಲ್ಲ, ಭಯವಾಯಿತು.

ನಾಟಕ ಏನಾಯಿತು ಎಂದು ಕೇಳಿದ್ದೀಯ. ಬರುವ ಶನಿವಾರ ಹಾಸನದಲ್ಲಿ. ಇಪ್ಪತ್ತು ವರ್ಷ ಊರೂರು ಅಲೆದು ದಾಕು ಹಾಕುತ್ತಾ, ಹೊಂಗೆಮರದ ನೆರಳಲ್ಲಿ ರಿಜಿಸ್ಟರಿನ ಮೇಲೆ ಹಾಳೆಯಿಟ್ಟು ಬರೆದದ್ದು ಕೊನೆಗೂ ದೊಡ್ಡ ಸ್ಟೇಜು ಹತ್ತುತ್ತಿದೆ. ರಾಜನ ಪಾರ್ಟು ನನ್ನದೇ. ಆಗಿತ್ತು ಎನ್ನಬೇಕು.

ನನ್ನ ವರಸೆ ನಿನಗೆ ಗೊತ್ತು. ಬೇರೆ ದಾಕಿನವರನ್ನು ಕಂಡರೆ ಜನ ಹೊಲಕ್ಕೆ ಓಡುತ್ತಾರೆ. ನಾನು ರಾಜನ ಪದ ಹಾಡುತ್ತಾ ಬೀದಿಗೆ ಬಂದರೆ ಮಕ್ಕಳೇ ತೋಳು ಒಡ್ಡುತ್ತವೆ. ಅದು ನನ್ನ ಜಂಬ. ಮೂರು ವಾರದ ಹಿಂದೆ ದಂಡಿಗನಹಳ್ಳಿಯಲ್ಲಿ ಕೊನೆಯ ಐದು ಮನೆ ಉಳಿದಿದ್ದವು. ತಾಲೀಮಿಗೆಂದು ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಸೋಮವಾರ ಬಂದರಾಯಿತು ಎಂದು, ಹಾಕದ ದಾಕನ್ನು ಹಾಕಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಬಸ್ಸು ಹತ್ತಿದೆ. ಸೋಮವಾರವೂ ತಾಲೀಮಿತ್ತು.

ಮೊನ್ನೆ ಹೋದರೆ, ಆ ಐದರಲ್ಲಿ ಚೆನ್ನಯ್ಯನ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಅವನ ಐದು ವರ್ಷದ ಮಗಳು ಸಣ್ಣಕ್ಕನಿಗೆ ಸಿಡುಬು ಎದ್ದಿದೆ. ಅಜ್ಜಿ ದೊಡ್ಡತಾಯಮ್ಮ ಹೊಸಿಲಲ್ಲೇ ಕೈ ಅಡ್ಡ ಇಟ್ಟಳು. 'ಅಮ್ಮ ಬಂದವ್ಳೆ ಸಾ, ಪೆಟ್ಗೆ ಇಡ್ಕಂಡು ಒಳೀಕ್ ಬರ್ಬ್ಯಾಡಿ' ಎಂದಳು. ಚೆನ್ನಯ್ಯ ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆಲ್ಲಗೆ, 'ಅವತ್ತು ಮೇಗಲ ಬೀದೀಲಿ ನಿಮ್ ಪದ ಕೇಳುಸ್ತು ಸಾ. ರಾಜ ನಮ್ಮನೇಗೂ ಬತ್ತಾನೆ ಅಂತ ಮಗು ಅಂಗಿ ತೋಳು ಮೇಲಕ್ ಸುತ್ಕಂಡು ಜಗ್ಲಿ ಮ್ಯಾಲೆ ಕೂತಿತ್ತು. ಕತ್ಲಾಗಗಂಟ ಏಳ್ನಿಲ್ಲ' ಎಂದ.

ಉಳಿದ ನಾಲ್ಕು ಮನೆಗೆ ಅಂದೇ ದಾಕು ಹಾಕಿದೆ. ತಡವಾಯಿತೋ ಏನೋ, ಯಾವ ಮಗುವಿನ ಹಣೆ ಮುಟ್ಟಿದರೂ ಬಿಸಿ ಅನ್ನಿಸುತ್ತದೆ. ನಿನ್ನೆ ಹಾಸನಕ್ಕೆ ಹೋಗಿ, ಸುಳ್ಳು ಬರೆದದ್ದನ್ನು ಮೇಲಿನವರ ಮುಂದೆ ಒಪ್ಪಿಕೊಂಡೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಕಿರೀಟವನ್ನು ನಮ್ಮ ಮಂತ್ರಿ ಪಾರ್ಟಿನ ಗುಂಡಯ್ಯನಿಗೆ ಕೊಟ್ಟೆ, ಅವನಿಗೆ ನನ್ನ ಮಾತೆಲ್ಲ ಬಾಯಿಪಾಠ. 'ನೀವ್ ಬರ್ದಿರೋ ನಾಟ್ಕ, ನೀವೇ ಇಲ್ದೆ ಎಂಗಣ್ಣಾ ಆಡೋದು?' ಎಂದು ಅತ್ತುಬಿಟ್ಟ. ನನಗೂ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. ಆದರೂ ಶನಿವಾರ ನಾನು ಚೆನ್ನಯ್ಯನ ಜಗುಲಿಯಲ್ಲಿರುತ್ತೇನೆ. ಸಣ್ಣಕ್ಕ ಇನ್ನೂ ಕಣ್ಣು ಬಿಟ್ಟಿಲ್ಲ.

ಅಳಿಯಂದಿರಿಗೆ ನನ್ನ ನೆನಪು ಹೇಳು. ನೀವು ಮೂವರೂ ತಣ್ಣಗಿರಿ, ನಿಮ್ಮ ಮನೆ ತುಂಬಿರಲಿ.

ಇಂತಿ ನಿನ್ನ ಅಪ್ಪ,
ತಮ್ಮಯ್ಯ

ಮರೆತ ಮಾತು: ಮರೆತದ್ದಲ್ಲ, ಹದಿನೇಳು ವರ್ಷದಿಂದ ಹೇಳದೆ ಇಟ್ಟುಕೊಂಡದ್ದು. ಹೊಳೆನರಸೀಪುರದಲ್ಲಿ ನಿನ್ನ ತಮ್ಮ ಬೋರ ಸಿಡುಬಿನಲ್ಲಿ ಹೋದನಲ್ಲ, ಆಗ ದಾಕಿನ ಔಷಧ ಮುಗಿದಿತ್ತು ಎಂದು ನಿನಗೆ ಹೇಳಿದ್ದೆ. ಮುಗಿದಿರಲಿಲ್ಲ. ಊರಿಗೆಲ್ಲ ಹಾಕಿ ಮನೆಗೆ ಬಂದಾಗ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಅವನು ತೋಳು ಒಡ್ಡಿ ನಿಂತಿದ್ದ. ನಾಟಕಕ್ಕೆ ಹೊತ್ತಾಗುತ್ತದೆ, ನಾಳೆ ಹಾಕುತ್ತೇನೆ ಕಣೋ ಎಂದು ಬಣ್ಣ ಹಚ್ಚಿಕೊಳ್ಳಲು ಹೋದೆ. ಮಾರನೆಯ ದಿನವೂ ನಾಳೆ ಎಂದೆ. ನಿಮ್ಮವ್ವನಿಗೆ ಗೊತ್ತು. ಎಲ್ಲದಕ್ಕೂ ಬಯ್ಯುವವಳು ಆ ಒಂದಕ್ಕೆ ಇವತ್ತಿನವರೆಗೂ ಬಾಯಿ ತೆರೆದಿಲ್ಲ. ಮಗುವಿಗೆ ತಾತನನ್ನು ಕಾಯಬೇಡ. ಈ ಕಾಗದ ಓದಿದ ದಿನವೇ ದಾಕು ಹಾಕಿಸು.